ಸ್ವಾರಸ್ಯ ವಿವರಿಸಿರಿ

ಕಳೆದ ವರ್ಷ ಫೆಬ್ರವರಿಯ ಒಂದು ಸಂಜೆ ಮಗಳು ತನ್ನ ಇಂಗ್ಲಿಷ್ ಪ್ರಬಂಧದ ಮೊದಲ ಕರಡನ್ನು ಊಟದ ಮೇಜಿನ ಮೇಲಿಟ್ಟು, ಏನೂ ಹೇಳದೆ ತನ್ನ ಕೋಣೆಗೆ ಹೋದಳು. ನಾಲ್ಕು ಪುಟಗಳ ಬರಹ. ಸ್ಪೆಲಿಂಗ್ ತಪ್ಪುಗಳಿರಲಿಲ್ಲ, ವಾಕ್ಯಗಳು ನೆಟ್ಟಗಿದ್ದವು, ಉಲ್ಲೇಖಿಸಿದ ಪ್ರತಿ ಮಾತಿನ ಮುಂದೆಯೂ ಪುಟಸಂಖ್ಯೆ ಇತ್ತು. ಆದರೂ ಅಂಚಿನಲ್ಲಿ ಅವಳ ಶಿಕ್ಷಕಿ ಪೆನ್ಸಿಲಿನಿಂದ ಒಂದೇ ಪ್ರಶ್ನೆಯನ್ನು ಏಳು ಕಡೆ ಬರೆದಿದ್ದರು: ‘ಸೋ ವಾಟ್?’ ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಅದಕ್ಕೇನೀಗ?’ ಎಂದ ಹಾಗೆ. ಮಗುವಿನ ಮೇಲೆ ಹೀಗೆ ರೇಗಬಹುದೇ ಎಂದು ಮೊದಲು ನನಗೆ ಬೇಸರವಾಯಿತು. ಆ ಪ್ರಶ್ನೆಯನ್ನು ಸುಮಾರು ಮೂವತ್ತು ವರ್ಷಗಳ ಹಿಂದೆ ನಾನೇ ಬೇರೆ ಮಾತುಗಳಲ್ಲಿ ಎದುರಿಸಿದ್ದೆ ಎಂಬುದು ಹೊಳೆಯಲು ಕೆಲವು ದಿನಗಳು ಬೇಕಾದವು.

ನಾವಿರುವುದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ. ಇಲ್ಲಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷಗಳನ್ನು ಹೈಸ್ಕೂಲು ಎನ್ನುತ್ತಾರೆ, ಮತ್ತು ನಾಲ್ಕು ವರ್ಷವೂ ಇಂಗ್ಲಿಷ್ ಓದಲೇಬೇಕು. ಅದೇ ಇಂಗ್ಲಿಷಿಗೆ ಸಾಧಾರಣ ತರಗತಿ, ಅದಕ್ಕಿಂತ ಕಠಿಣವಾದ ಆನರ್ಸ್ ತರಗತಿ ಮತ್ತು ಮೇಲಿನ ವರ್ಷಗಳಲ್ಲಿ ಕಾಲೇಜು ಮಟ್ಟದ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ತರಗತಿ ಎಂಬ ಮೆಟ್ಟಿಲುಗಳಿವೆ. ಅನೇಕ ಶಾಲಾ ಜಿಲ್ಲೆಗಳಲ್ಲಿ ಆನರ್ಸ್ ತರಗತಿಯ ದರ್ಜೆಗೆ ನಾಲ್ಕರ ಅಳತೆಯಲ್ಲಿ ಅರ್ಧ ಅಂಕವನ್ನೂ ಎಪಿ ತರಗತಿಯ ದರ್ಜೆಗೆ ಒಂದು ಅಂಕವನ್ನೂ ಕೂಡಿಸಿ ಸರಾಸರಿ ತೆಗೆಯುತ್ತಾರೆ. ಕಾಲೇಜು ಪ್ರವೇಶದ ಹೊತ್ತಿಗೆ ಈ ಸರಾಸರಿ ಮುಖ್ಯವಾಗುತ್ತದೆ. ಆದ್ದರಿಂದ ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ನಿಂತಾಗಲೂ ನಾವು ತಂದೆತಾಯಿಗಳು ಮಾತಾಡುವುದು ಯಾರ ಮಗ ಎಷ್ಟು ಆನರ್ಸ್ ತೆಗೆದುಕೊಂಡ ಎಂಬುದನ್ನೇ. ನಾನೂ ಅದೇ ಮಾತಾಡಿದವಳು. ಮಗಳು ಹತ್ತನೆಯ ತರಗತಿಗೆ ಆನರ್ಸ್ ಇಂಗ್ಲಿಷ್ ಆರಿಸಿಕೊಂಡಾಗ ನನ್ನ ಮನಸ್ಸಿಗೆ ಬಂದದ್ದು ಆ ಅರ್ಧ ಅಂಕ. ಆ ತರಗತಿಯಲ್ಲಿ ದಿನನಿತ್ಯ ನಡೆಯುವುದೇನು ಎಂದು ನಾನು ಕೇಳಿಯೇ ಇರಲಿಲ್ಲ. ಏಳು ಪೆನ್ಸಿಲ್ ಪ್ರಶ್ನೆಗಳನ್ನು ಕಂಡ ಮೇಲೆ ಕೇಳಿದೆ.

ಆ ತಿಂಗಳು ಅವರು ಓದುತ್ತಿದ್ದದ್ದು ಫ್ರೆಡರಿಕ್ ಡಗ್ಲಸ್ 1845ರಲ್ಲಿ ಪ್ರಕಟಿಸಿದ ಆತ್ಮಕಥೆ. ಇದೇ ಮೇರಿಲ್ಯಾಂಡಿನ ಟ್ಯಾಲ್ಬಟ್ ಕೌಂಟಿಯಲ್ಲಿ ಗುಲಾಮ ತಾಯಿಯ ಮಗನಾಗಿ ಹುಟ್ಟಿ, ಬಾಲ್ಟಿಮೋರ್ ನಗರದಲ್ಲಿ ಅಕ್ಷರ ಕಲಿತು, 1838ರಲ್ಲಿ ತಪ್ಪಿಸಿಕೊಂಡು ಉತ್ತರಕ್ಕೆ ಹೋಗಿ, ಗುಲಾಮಗಿರಿಯ ವಿರುದ್ಧ ದೇಶವೇ ಕಿವಿಗೊಡುವಂತೆ ಮಾತಾಡಿದವರು ಅವರು. ಹನ್ನೊಂದು ಅಧ್ಯಾಯಗಳ ಸಣ್ಣ ಪುಸ್ತಕ. ಶೀರ್ಷಿಕೆಯ ಕೊನೆಗೆ ‘ತಾನೇ ಬರೆದದ್ದು’ ಎಂಬ ಮಾತಿದೆ. ಇಷ್ಟು ಚೆನ್ನಾಗಿ ಮಾತಾಡುವವನು ಗುಲಾಮನಾಗಿದ್ದಿರಲು ಸಾಧ್ಯವೇ ಇಲ್ಲ ಎಂದು ಸಂಶಯಪಟ್ಟ ಜನರಿದ್ದರು. ಅವರ ಬಾಯಿ ಮುಚ್ಚಿಸಲು ಊರು, ಒಡೆಯ, ಹೊಡೆದವನು ಎಲ್ಲರ ಹೆಸರನ್ನೂ ಅಚ್ಚು ಹಾಕಿಸಿದ ಪುಸ್ತಕ ಅದು.

ನನಗಾದರೆ ಅದನ್ನು ಒಂದು ಭಾನುವಾರದಲ್ಲಿ ಓದಿ ಮುಗಿಸಬಹುದಿತ್ತು. ಅವರು ಐದು ವಾರ ತೆಗೆದುಕೊಂಡರು. ಮನೆಯಲ್ಲಿ ಒಂದು ಅಧ್ಯಾಯವನ್ನು ಪೆನ್ಸಿಲ್ ಹಿಡಿದೇ ಓದಬೇಕು. ಅರ್ಥವಾಗದ ಪದಕ್ಕೆ ಒಂದು ಗುರುತು, ಎರಡನೆಯ ಸಲ ಬಂದ ಪದಕ್ಕೆ ಇನ್ನೊಂದು ಗುರುತು, ಏಕೋ ಮನಸ್ಸಿಗೆ ತಾಕಿದ ವಾಕ್ಯದ ಪಕ್ಕದಲ್ಲಿ ಹಳದಿ ಅಂಟುಚೀಟಿ. ಮರುದಿನ ತರಗತಿಯಲ್ಲಿ ಅದೇ ಅಧ್ಯಾಯದ ಒಂದೇ ಒಂದು ಪ್ಯಾರಾವನ್ನು ಶಿಕ್ಷಕಿ ಗಟ್ಟಿಯಾಗಿ ಓದುತ್ತಾರೆ, ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೊಮ್ಮೆ ಓದುತ್ತಾರೆ. ಅನಂತರ ಕುರ್ಚಿಗಳನ್ನು ಎರಡು ಸುತ್ತಾಗಿ ಹಾಕಿಕೊಂಡು ಚರ್ಚೆ. ಒಳಸುತ್ತಿನವರು ಮಾತಾಡುತ್ತಾರೆ, ಹೊರಸುತ್ತಿನವರು ಕೇಳಿ ಬರೆದುಕೊಳ್ಳುತ್ತಾರೆ, ಆಮೇಲೆ ಜಾಗ ಬದಲು. ಗ್ರೀಕ್ ತತ್ತ್ವಜ್ಞಾನಿಯ ಹೆಸರಿನಲ್ಲಿ ಇದನ್ನು ಸಾಕ್ರಟಿಕ್ ಸೆಮಿನಾರ್ ಎಂದು ಕರೆಯುತ್ತಾರೆ. ನಿಯಮ ಒಂದೇ: ಯಾವ ಅಭಿಪ್ರಾಯವನ್ನಾದರೂ ಹೇಳಬಹುದು, ಆದರೆ ಮೊದಲು ಪುಟವನ್ನು ತೋರಿಸಬೇಕು, ವಾಕ್ಯವನ್ನು ಓದಬೇಕು.

ಏಳನೆಯ ಅಧ್ಯಾಯದ ಮೇಲಿನ ಚರ್ಚೆಯನ್ನು ಮಗಳು ಮನೆಗೆ ಬಂದು ನನಗೆ ವಿವರವಾಗಿ ಹೇಳಿದಳು. ಬಾಲ್ಟಿಮೋರಿನ ಮನೆಯ ಒಡತಿ ಸೋಫಿಯಾ ಆಲ್ಡ್ ಅದುವರೆಗೆ ಗುಲಾಮರನ್ನು ಇಟ್ಟುಕೊಂಡವಳಲ್ಲ. ಸುಮಾರು ಎಂಟು ವರ್ಷದ ಹುಡುಗ ಡಗ್ಲಸ್‌ಗೆ ಅವಳೇ ಅಕ್ಷರಮಾಲೆ ಹೇಳಿಕೊಡುತ್ತಾಳೆ, ಗಂಡ ಹ್ಯೂ ಆಲ್ಡ್ ಅದನ್ನು ತಡೆಯುತ್ತಾನೆ: ಓದು ಕಲಿತ ಗುಲಾಮ ಗುಲಾಮನಾಗಿ ಉಳಿಯುವುದಿಲ್ಲ ಎನ್ನುತ್ತಾನೆ. ಕ್ರಮೇಣ ಒಡತಿ ಗಂಡನಿಗಿಂತಲೂ ಕಠಿಣಳಾಗುತ್ತಾಳೆ. ಹುಡುಗನ ಕೈಯಲ್ಲಿ ಪತ್ರಿಕೆ ಕಂಡರೆ ಅವಳಿಗೆ ಎಲ್ಲಿಲ್ಲದ ಸಿಟ್ಟು. ಗುಲಾಮಗಿರಿ ನನಗೆ ಎಷ್ಟು ಕೇಡು ಮಾಡಿತೋ ಅವಳಿಗೂ ಅಷ್ಟೇ ಕೇಡು ಮಾಡಿತು ಎಂದು ಡಗ್ಲಸ್ ಬರೆಯುತ್ತಾರೆ. ಈ ವಾಕ್ಯದ ಮೇಲೆ ಮಕ್ಕಳು ಮುಕ್ಕಾಲು ಗಂಟೆ ವಾದಿಸಿದರಂತೆ. ಇಬ್ಬರ ಕೇಡೂ ಸಮ ಎನ್ನುವುದು ಅನ್ಯಾಯ ಎಂದು ಒಬ್ಬ. ಅದು ಕರುಣೆಯ ಮಾತು ಎಂದು ಇನ್ನೊಬ್ಬಳು. ಇದು ಕರುಣೆಗಿಂತ ಜಾಣತನ, ಏಕೆಂದರೆ ಪುಸ್ತಕ ಓದುವವರಲ್ಲಿ ಬಹಳ ಮಂದಿ ಬಿಳಿಯ ಗೃಹಿಣಿಯರು, ತಮಗೂ ಹೀಗಾಗಬಹುದೆಂದು ಅವರು ಹೆದರಲಿ ಎಂದು ಬರೆದದ್ದು ಎಂದು ಮತ್ತೊಬ್ಬ. ಶಿಕ್ಷಕಿ ಯಾವುದನ್ನೂ ಸರಿ ಎನ್ನಲಿಲ್ಲ. ಮೂವರಿಗೂ ಮುಂದಿನ ವಾಕ್ಯ ಓದಲು ಹೇಳಿದರು.

ಇದನ್ನು ಕೇಳುತ್ತಿರುವಾಗಲೇ ನನಗೆ ಶಿವಮೊಗ್ಗ ಜಿಲ್ಲೆಯ ನಮ್ಮ ಹಳ್ಳಿಯ ಹೈಸ್ಕೂಲು ನೆನಪಾದದ್ದು. ಎಸ್ಸೆಸ್ಸೆಲ್ಸಿಯ ಪ್ರಥಮ ಭಾಷೆ ಕನ್ನಡಕ್ಕೆ ಆಗ 125 ಅಂಕ. ಪ್ರಶ್ನೆಪತ್ರಿಕೆಯಲ್ಲಿ ಪಾಠದ ಒಂದು ಸಾಲನ್ನು ಕೊಟ್ಟು, ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿರಿ ಎಂದು ಕೇಳುತ್ತಿದ್ದರು. ಕನ್ನಡ ಮಾಧ್ಯಮದಲ್ಲಿ ಓದಿದ ಯಾರಿಗೂ ಇದು ಮರೆಯುವಂಥದ್ದಲ್ಲ. ಈ ವಾಕ್ಯವನ್ನು ಯಾವ ಪಾಠದಿಂದ ಆರಿಸಲಾಗಿದೆ ಎಂದು ಒಂದು ಸಾಲು, ಯಾರು ಯಾರಿಗೆ ಯಾವಾಗ ಹೇಳಿದರು ಎಂದು ನಾಲ್ಕು ಸಾಲು, ಕೊನೆಗೆ ‘ಸ್ವಾರಸ್ಯ’ ಎಂದು ಬರೆದು ಕೆಳಗೆ ಗೆರೆ ಎಳೆದು ಎರಡು ಸಾಲು. ಆ ಎರಡು ಸಾಲು ಗೈಡಿನಲ್ಲಿ ಸಿದ್ಧವಾಗಿ ಸಿಗುತ್ತಿದ್ದವು. ಕವಿಯ ವರ್ಣನೆ ಸ್ವಾರಸ್ಯಪೂರ್ಣವಾಗಿದೆ, ಇಲ್ಲಿ ತಾಯಿಯ ಮಮತೆ ಸ್ವಾರಸ್ಯಕರವಾಗಿ ವ್ಯಕ್ತವಾಗಿದೆ ಎಂಬ ಧಾಟಿಯವು. ಏನು ಸ್ವಾರಸ್ಯ, ಯಾವ ಪದದಲ್ಲಿದೆ, ಆ ಪದದ ಬದಲು ಬೇರೆಯದಿದ್ದರೆ ಏನು ಕಳೆದುಹೋಗುತ್ತಿತ್ತು ಎಂದು ನಮ್ಮನ್ನು ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ. ಪ್ರಬಂಧದ ಕಥೆಯೂ ಅದೇ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ತಲೆಬರಹಗಳ ಕೆಳಗೆ ಗ್ರಂಥಾಲಯದ ಮಹತ್ವವನ್ನೋ ರಾಷ್ಟ್ರೀಯ ಭಾವೈಕ್ಯವನ್ನೋ ಉರು ಹೊಡೆದು ತುಂಬುತ್ತಿದ್ದೆವು. ನನಗೆ ಒಳ್ಳೆಯ ಅಂಕಗಳೇ ಬಂದವು.

ಹಾಗೆಂದು ನಮ್ಮಲ್ಲಿ ಸ್ವಾರಸ್ಯ ಹೇಳಬಲ್ಲವರು ಇರಲಿಲ್ಲವೆಂದಲ್ಲ. ಅವರು ಶಾಲೆಯ ಹೊರಗಿದ್ದರು. ಶಿವಮೊಗ್ಗದ ಬಳಿ ತುಂಗೆಯ ಎರಡು ದಡಗಳಲ್ಲಿರುವ ಮತ್ತೂರು ಮತ್ತು ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರುಗಳು. ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ನನ್ನ ಬಾಲ್ಯದಲ್ಲಿ ನಮ್ಮ ಊರಿನ ದೇವಸ್ಥಾನದ ಅಂಗಳದಲ್ಲೂ ಚಾತುರ್ಮಾಸ್ಯದ ದಿನಗಳಲ್ಲಿ ಗಮಕ ನಡೆಯುತ್ತಿತ್ತು. ಒಬ್ಬರು ಕುಮಾರವ್ಯಾಸನ ಷಟ್ಪದಿಯನ್ನು ರಾಗವಾಗಿ ಓದುತ್ತಿದ್ದರು, ಪಕ್ಕದಲ್ಲಿ ಕುಳಿತವರು ವ್ಯಾಖ್ಯಾನ ಮಾಡುತ್ತಿದ್ದರು. ಆರು ಸಾಲಿನ ಪದ್ಯಕ್ಕೆ ಕಾಲು ಗಂಟೆಯ ವ್ಯಾಖ್ಯಾನ. ಯುದ್ಧಕ್ಕೆ ಮುಂಚೆ ಕೃಷ್ಣ ಕರ್ಣನನ್ನು ಕರೆದೊಯ್ದು ತನ್ನ ರಥದ ಪೀಠದಲ್ಲಿ ಕೂರಿಸಿಕೊಳ್ಳುವ ಸಂದರ್ಭ ನನಗೆ ಈಗಲೂ ಕಿವಿಯಲ್ಲಿದೆ. ಅಲ್ಲಿ ಕೃಷ್ಣ ಕರ್ಣನೊಂದಿಗೆ ‘ಮೈದುನತನದ ಸರಸ’ ಆಡಿದ ಎಂದು ಕವಿ ಹೇಳುತ್ತಾನೆ. ವ್ಯಾಖ್ಯಾನಕಾರರು ಆ ಒಂದು ಪದದ ಮೇಲೆ ನಿಂತುಬಿಟ್ಟರು. ಸೂತಪುತ್ರ ಕೃಷ್ಣನಿಗೆ ಮೈದುನ ಹೇಗಾದ? ಸೋದರತ್ತೆಯ ಮಗನಲ್ಲವೇ ಮೈದುನ? ಕುಂತಿ ಕೃಷ್ಣನ ಸೋದರತ್ತೆ. ನೀನು ಕುಂತಿಯ ಮಗ ಎಂಬ ರಹಸ್ಯವನ್ನು ಕೃಷ್ಣ ಇನ್ನೂ ಬಾಯಿಬಿಟ್ಟು ಹೇಳಿಲ್ಲ, ಆದರೆ ಕವಿ ಆಗಲೇ ಆ ನಂಟನ್ನು ಒಂದು ಪದದೊಳಗೆ ಇಟ್ಟುಬಿಟ್ಟಿದ್ದಾನೆ. ಕರ್ಣನಿಗೆ ತಿಳಿಯುವ ಮೊದಲು ಕೇಳುಗನಿಗೆ ತಿಳಿಯಬೇಕು. ಅಂಗಳದಲ್ಲಿ ಕುಳಿತಿದ್ದ ಹೆಂಗಸರು, ಅವರಲ್ಲಿ ಹಲವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ‘ಹ್ಞಾಂ’ ಎಂದು ಒಟ್ಟಿಗೆ ಉಸಿರೆಳೆದದ್ದು ನನಗೆ ನೆನಪಿದೆ.

ಇದನ್ನು ಮಗಳಿಗೆ ಹೇಳಿದೆ. ಇಂಗ್ಲಿಷಿನ ‘ಕಸಿನ್’ ಎಂಬ ಪದದಲ್ಲಿ ಇದು ಆಗುವುದೇ ಇಲ್ಲವಲ್ಲ, ಅಮ್ಮ ಎಂದಳು. ಅವಳಿಗೆ ತಾನು ಹೇಳಿದ್ದು ಎಷ್ಟು ದೊಡ್ಡ ಮಾತೆಂಬುದು ಗೊತ್ತಾಗಲಿಲ್ಲ. ನನಗೆ ಆ ಕ್ಷಣದಲ್ಲಿ ಶಿಕ್ಷಕಿಯ ಏಳು ಪ್ರಶ್ನೆಗಳು ಅರ್ಥವಾದವು. ಅವರು ಕೇಳುತ್ತಿದ್ದದ್ದು ವ್ಯಾಖ್ಯಾನವನ್ನು. ಪದ್ಯ ಓದಿದ್ದಾಯಿತು, ಇನ್ನು ಹೇಳಮ್ಮ ಎಂದು ಕಾಯುತ್ತಿದ್ದರು.

ಮೊದಲ ಕರಡಿನಲ್ಲಿ ಮಗಳು ಬರೆದಿದ್ದದ್ದು ಅಕ್ಷರವೇ ಸ್ವಾತಂತ್ರ್ಯದ ದಾರಿ ಎಂದು. ಅದು ತಪ್ಪಲ್ಲ, ಡಗ್ಲಸ್ ಕೂಡ ಹಾಗೇ ಹೇಳುತ್ತಾರೆ. ಆದರೆ ಪುಸ್ತಕವೇ ಬಾಯಿಬಿಟ್ಟು ಹೇಳಿದ್ದನ್ನು ಮತ್ತೆ ಹೇಳಲು ನಾಲ್ಕು ಪುಟ ಏಕೆ? ಅವಳ ತರಗತಿಯ ಮೂವತ್ತು ಮಂದಿಯಲ್ಲಿ ಇಪ್ಪತ್ತು ಮಂದಿ ಅದನ್ನೇ ಬರೆದಿದ್ದರಂತೆ. ಹಾಗಾಗಿ ಎಲ್ಲರಿಗೂ ಮತ್ತೆ ಪುಸ್ತಕ ತೆರೆಯುವ ಕೆಲಸ ಬಿತ್ತು. ಈ ಸಲ ಕಥೆಗಾಗಿ ಓದುವಂತಿಲ್ಲ. ಮೊದಲ ಓದಿನಲ್ಲಿ ದಾಟಿಹೋದದ್ದು ಯಾವುದು ಎಂದು ಹುಡುಕುತ್ತ ಓದಬೇಕು. ಎರಡು ಸಂಜೆ ಅವಳಿಗೆ ಏನೂ ಸಿಗಲಿಲ್ಲ. ಮೂರನೆಯ ಸಂಜೆ ಏಳನೆಯ ಅಧ್ಯಾಯದಲ್ಲೇ ಸಿಕ್ಕಿತು.

ಒಡತಿ ಕಲಿಸುವುದನ್ನು ನಿಲ್ಲಿಸಿದ ಮೇಲೆ ಆ ಬಾಲಕ ಬೀದಿಯ ಬಿಳಿಯ ಹುಡುಗರನ್ನು ಗುರುಗಳನ್ನಾಗಿ ಮಾಡಿಕೊಂಡ. ಕೆಲಸಕ್ಕೆ ಕಳಿಸಿದಾಗ ಪುಸ್ತಕವನ್ನೂ ಒಂದಿಷ್ಟು ಬ್ರೆಡ್ಡನ್ನೂ ಜೊತೆಗಿಟ್ಟುಕೊಂಡು, ಕೆಲಸವನ್ನು ಬೇಗ ಮುಗಿಸಿ, ಉಳಿದ ಸಮಯದಲ್ಲಿ ಪಾಠ. ಆ ಮನೆಯಲ್ಲಿ ಅವನಿಗೆ ಬ್ರೆಡ್ಡಿಗೆ ಕೊರತೆಯಿರಲಿಲ್ಲ. ಬೀದಿಯ ಬಡ ಬಿಳಿಯ ಮಕ್ಕಳಿಗೆ ಹಸಿವಿತ್ತು. ಅವರಿಗೆ ಬ್ರೆಡ್ಡು ಕೊಟ್ಟು, ಅದಕ್ಕಿಂತ ಬೆಲೆಬಾಳುವ ಅರಿವಿನ ಬ್ರೆಡ್ಡನ್ನು ಪಡೆದೆ ಎನ್ನುತ್ತಾರೆ ಡಗ್ಲಸ್. ಆಮೇಲಿನ ವಾಕ್ಯಗಳನ್ನು ಮಗಳು ಮೊದಲ ಸಲ ಓದಿದಾಗ ಗುರುತೂ ಹಾಕಿರಲಿಲ್ಲ. ಅವರಲ್ಲಿ ಎರಡು ಮೂರು ಹುಡುಗರ ಹೆಸರನ್ನು ಕೃತಜ್ಞತೆಗಾಗಿ ಇಲ್ಲಿ ಬರೆಯಬೇಕೆಂಬ ಆಸೆ ಬಹಳವಿದೆ, ಆದರೆ ವಿವೇಕ ತಡೆಯುತ್ತದೆ. ನನಗೆ ಅದರಿಂದ ತೊಂದರೆಯಿಲ್ಲ, ಅವರಿಗೆ ಮುಜುಗರವಾದೀತು ಎಂದು ಬರೆದು, ಹಡಗುಕಟ್ಟೆಯ ಸಮೀಪ ಫಿಲ್ಪಾಟ್ ಬೀದಿಯಲ್ಲಿ ಅವರು ವಾಸವಾಗಿದ್ದರು ಎಂದಷ್ಟೇ ಹೇಳಿ ಮುಂದೆ ಹೋಗುತ್ತಾರೆ.

ಒಡೆಯರ ಹೆಸರನ್ನೆಲ್ಲ ಪೂರ್ತಿಯಾಗಿ ಬರೆದ ಪುಸ್ತಕದಲ್ಲಿ ಹುಡುಗರ ಹೆಸರಿಲ್ಲ. ಮಗಳು ಎರಡು ಪಟ್ಟಿ ಮಾಡಿದಳು. ಹೆಸರಿಸಿದವರು ಒಂದು ಕಡೆ, ಹೆಸರಿಸದವರು ಇನ್ನೊಂದು ಕಡೆ. ಆಮೇಲೆ ಇತಿಹಾಸ ತೆಗೆದು ನೋಡಿದಳು. 1845ರಲ್ಲಿ ಡಗ್ಲಸ್ ಕಾನೂನಿನ ಕಣ್ಣಿನಲ್ಲಿ ಇನ್ನೂ ಓಡಿಹೋದ ಗುಲಾಮ. ಒಡೆಯನ ಹೆಸರನ್ನು ಅಚ್ಚು ಹಾಕಿಸುವುದೆಂದರೆ ತನ್ನನ್ನು ಹಿಡಿದುಕೊಂಡು ಹೋಗಲು ತಾನೇ ವಿಳಾಸ ಕೊಟ್ಟಂತೆ. ಪುಸ್ತಕ ಬಂದ ವರ್ಷವೇ ಅವರು ಬ್ರಿಟನ್ನಿಗೆ ಹೊರಟುಹೋಗಬೇಕಾಯಿತು. ಅಲ್ಲಿನ ಸ್ನೇಹಿತರು ಹಣ ಕೂಡಿಸಿ 1846ರಲ್ಲಿ ಅವರ ಬಿಡುಗಡೆಯನ್ನು ಕೊಂಡರು. ಅಂದರೆ, ತನ್ನ ಜೀವಕ್ಕೆ ಅಪಾಯ ತರುವ ಹೆಸರುಗಳನ್ನು ಅವರು ಬರೆದರು. ತನಗೆ ಯಾವ ಅಪಾಯವನ್ನೂ ತರದ, ಬರೆದರೆ ಮನಸ್ಸಿಗೆ ಸಂತೋಷವಾಗುತ್ತಿದ್ದ ಹೆಸರುಗಳನ್ನು ಬರೆಯದೆ ಬಿಟ್ಟರು. ಅಕ್ಷರ ಕಲಿತವನ ಶಕ್ತಿ ಯಾವುದನ್ನು ಬರೆಯಬೇಕೆಂಬುದರಲ್ಲಿ ಇರುವಷ್ಟೇ ಯಾವುದನ್ನು ಬರೆಯಬಾರದೆಂಬುದರಲ್ಲೂ ಇದೆ ಎಂಬುದು ಮಗಳ ಹೊಸ ವಾದವಾಯಿತು. ಆ ವಾಕ್ಯವನ್ನು ಅವಳು ಹನ್ನೊಂದು ಸಲ ತಿದ್ದಿದಳು. ನಾನು ಪಕ್ಕದಲ್ಲಿ ಕುಳಿತು ಬೀನ್ಸ್ ಬಿಡಿಸುತ್ತ, ಒಂದು ಪದವನ್ನೂ ಸೂಚಿಸದೆ ಇರಲು ಪ್ರಯತ್ನಪಟ್ಟೆ.

ಮಾರ್ಚಿ ತಿಂಗಳ ಒಂದು ಶನಿವಾರ ಬಾಲ್ಟಿಮೋರಿನ ಫೆಲ್ಸ್ ಪಾಯಿಂಟಿಗೆ ಹೋದೆವು. ಮನೆಯಿಂದ ಮುಕ್ಕಾಲು ಗಂಟೆಯ ದಾರಿ, ಆದರೂ ಹನ್ನೆರಡು ವರ್ಷಗಳಲ್ಲಿ ನಾವು ಅಲ್ಲಿಗೆ ಹೋಗಿದ್ದು ಊಟಕ್ಕೆ ಮಾತ್ರ. ಹಳೆಯ ಕಲ್ಲುಹಾಸಿನ ಬೀದಿಗಳು, ಬಂದರಿನ ನೀರು, ಥೇಮ್ಸ್ ಬೀದಿಯಲ್ಲಿ ಡಗ್ಲಸ್ ಮತ್ತು ಕರಿಯ ಕಾರ್ಮಿಕರ ನಾಯಕ ಐಸಾಕ್ ಮೈಯರ್ಸ್ ಹೆಸರಿನ ವಸ್ತುಸಂಗ್ರಹಾಲಯ. ಬರೆಯುವುದನ್ನು ಡಗ್ಲಸ್ ಕಲಿತದ್ದು ಈ ಭಾಗದ ಹಡಗುಕಟ್ಟೆಯಲ್ಲಿ. ಬಡಗಿಗಳು ಕೊರೆದು ಸಿದ್ಧಮಾಡಿದ ಮರದ ತುಂಡು ಹಡಗಿನ ಯಾವ ಭಾಗಕ್ಕೆ ಸೇರಬೇಕೆಂದು ಅದರ ಮೇಲೆ ಅಕ್ಷರ ಬರೆಯುತ್ತಿದ್ದರು: ಎಡ ಪಕ್ಕದ ಮರಕ್ಕೆ ಎಲ್, ಬಲ ಪಕ್ಕದ ಮರಕ್ಕೆ ಎಸ್, ಎಡ ಮುಂಭಾಗಕ್ಕೆ ಎಲ್ ಎಫ್, ಬಲ ಹಿಂಭಾಗಕ್ಕೆ ಎಸ್ ಎ. ಹುಡುಗ ಅವನ್ನು ನೋಡಿ ನೋಡಿ ನಕಲು ಮಾಡಿದ. ಆಮೇಲೆ ಅಕ್ಷರ ಬಲ್ಲ ಹುಡುಗ ಯಾರೇ ಸಿಗಲಿ, ನಿನ್ನಷ್ಟೇ ಚೆನ್ನಾಗಿ ನಾನೂ ಬರೆಯಬಲ್ಲೆ ಎಂದು ಸವಾಲು ಹಾಕಿ ಈ ನಾಲ್ಕು ಅಕ್ಷರ ಬರೆದು ತೋರಿಸುತ್ತಿದ್ದ. ಅವನನ್ನು ಸೋಲಿಸಲು ಆ ಹುಡುಗ ಬೇರೆ ಅಕ್ಷರ ಬರೆದರೆ ಅದೇ ಅಂದಿನ ಪಾಠ. ಗೋಡೆ, ಬೇಲಿ, ಕಲ್ಲುಹಾಸು ಅವನ ಪಾಟಿ, ಸೀಮೆಸುಣ್ಣದ ತುಂಡು ಅವನ ಲೇಖನಿ. ಕೊನೆಗೆ ಒಡೆಯನ ಮಗ ಬರೆದು ಬಿಸಾಕಿದ ಕಾಪಿ ಪುಸ್ತಕದಲ್ಲಿ, ಮನೆಯಲ್ಲಿ ಯಾರೂ ಇಲ್ಲದಾಗ, ಸಾಲುಗಳ ನಡುವೆ ಉಳಿದಿದ್ದ ಖಾಲಿ ಜಾಗದಲ್ಲಿ ಅವನ ಕೈಬರಹವನ್ನೇ ಅನುಸರಿಸಿ ಬರೆದ.

ಮಗಳು ನೀರಿನ ಕಡೆ ಮುಖಮಾಡಿ ಬಹಳ ಹೊತ್ತು ನಿಂತಿದ್ದಳು. ಆಮೇಲೆ, ಅಮ್ಮ, ಸಾಲುಗಳ ನಡುವೆ ಓದಬೇಕು ಎಂದು ನಮ್ಮ ಟೀಚರ್ ಹೇಳುತ್ತಾರೆ, ಇವರು ಸಾಲುಗಳ ನಡುವೆ ಬರೆದಿದ್ದಾರೆ ಎಂದಳು. ಅದನ್ನು ಪ್ರಬಂಧಕ್ಕೆ ಹಾಕುವೆಯಾ ಎಂದು ಕೇಳಿದೆ. ಹಾಕುವುದಿಲ್ಲ, ಅದು ಈ ವಾದಕ್ಕೆ ಸೇರಿದ್ದಲ್ಲ ಎಂದಳು. ಚೆನ್ನಾಗಿ ಕೇಳಿಸುವ ಮಾತನ್ನು, ಅದು ತನ್ನ ವಾದಕ್ಕೆ ಒದಗುವುದಿಲ್ಲವೆಂಬ ಒಂದೇ ಕಾರಣಕ್ಕೆ, ಹದಿನೈದು ವರ್ಷದ ಹುಡುಗಿ ಬಿಟ್ಟುಕೊಟ್ಟದ್ದನ್ನು ಕಂಡು ನನಗೆ ಆ ತರಗತಿಯ ಮೇಲೆ ಬಂದ ಗೌರವ ಯಾವ ಅಂಕದಿಂದಲೂ ಬರುತ್ತಿರಲಿಲ್ಲ.

ಪ್ರಬಂಧದ ಹೊರರೂಪಕ್ಕೆ ಕಟ್ಟುಪಾಡುಗಳು ಬೇಕಾದಷ್ಟಿವೆ. ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ ಎಂಬ ಸಂಸ್ಥೆ ರೂಪಿಸಿದ ಎಂಎಲ್‌ಎ ಪದ್ಧತಿಯಲ್ಲಿ ಎರಡು ಪಟ್ಟು ಸಾಲಂತರ, ಸುತ್ತಲೂ ಒಂದು ಇಂಚು ಅಂಚು, ಉಲ್ಲೇಖದ ಮುಂದೆ ಆವರಣದಲ್ಲಿ ಪುಟಸಂಖ್ಯೆ. ಅವು ಒಂದು ವಾರದಲ್ಲಿ ರೂಢಿಯಾಗುತ್ತವೆ. ಕಷ್ಟದ ವಿಷಯ ಅಂಕ ಕೊಡುವ ಬಗೆಯಲ್ಲಿದೆ. ಮುಂದಿನ ವರ್ಷ ಎಪಿ ಇಂಗ್ಲಿಷ್ ಭಾಷಾ ಪರೀಕ್ಷೆಯಲ್ಲಿ ಎರಡೂಕಾಲು ಗಂಟೆಯಲ್ಲಿ ಮೂರು ಪ್ರಬಂಧಗಳನ್ನು ಬರೆಯಬೇಕಾಗುತ್ತದೆ, ಪ್ರತಿಯೊಂದಕ್ಕೂ 6 ಅಂಕ. ಅದೇ ಅಳತೆಯನ್ನು ಶಿಕ್ಷಕಿ ಈಗಿನಿಂದಲೇ ಬಳಸುತ್ತಾರೆ. ವಾದವನ್ನು ಸ್ಪಷ್ಟವಾಗಿ ಮಂಡಿಸಿದ್ದಕ್ಕೆ 1, ಒಟ್ಟಾರೆ ಪ್ರೌಢಿಮೆಗೆ 1, ಉಳಿದ 4 ಅಂಕಗಳು ಆಧಾರ ಮತ್ತು ವ್ಯಾಖ್ಯಾನಕ್ಕೆ. ನಮ್ಮ ಕಾಲದಲ್ಲಿ ಕೊನೆಯ ಎರಡು ಸಾಲಿಗೆ ಇಳಿದಿದ್ದ ಸ್ವಾರಸ್ಯ ಇಲ್ಲಿ ಪ್ರಬಂಧದ ಹೊಟ್ಟೆಯಲ್ಲೇ ಕುಳಿತಿದೆ. ಒಂದು ಉಲ್ಲೇಖ ಕೊಟ್ಟರೆ ಕನಿಷ್ಠ ಎರಡು ವಾಕ್ಯ ನಿನ್ನದೇ ಆಗಿರಬೇಕು ಎಂಬುದು ಅವಳ ಶಿಕ್ಷಕಿಯ ಲೆಕ್ಕ. ಇನ್ನೂ ಒಂದು ನಿಷೇಧವಿದೆ: ‘ಇದು ತೋರಿಸುತ್ತದೆ’ ಎಂದು ವಾಕ್ಯ ಆರಂಭಿಸುವಂತಿಲ್ಲ. ಏನು ತೋರಿಸುತ್ತದೆ, ಯಾರಿಗೆ ತೋರಿಸುತ್ತದೆ, ಹೇಗೆ ಎಂದು ಹೇಳಿದ ಮೇಲೆ ಆ ಮಾತಿನ ಅಗತ್ಯವೇ ಬೀಳುವುದಿಲ್ಲವಂತೆ.

ಈ ದೇಶದ ಶಾಲೆಗಳಲ್ಲೂ ಗೈಡಿನ ಬುದ್ಧಿ ಇಲ್ಲದಿಲ್ಲ. ಪೀಠಿಕೆಗೊಂದು, ಮೂರು ಕಾರಣಗಳಿಗೆ ಮೂರು, ಮುಕ್ತಾಯಕ್ಕೊಂದು ಎಂಬ ಐದು ಪ್ಯಾರಾಗಳ ಅಚ್ಚನ್ನು ಕೆಳಗಿನ ತರಗತಿಗಳಿಂದ ಕಲಿಸಿಕೊಂಡು ಬರುತ್ತಾರೆ. ಎಡವುತ್ತಿರುವ ಮಗುವಿಗೆ ಅದು ಊರುಗೋಲು ಎಂಬುದನ್ನು ಒಪ್ಪುತ್ತೇನೆ. ಆದರೆ ಹೆಸರಿಲ್ಲದ ಹುಡುಗರ ಬಗ್ಗೆ ಮಗಳಿಗೆ ಹೇಳಲಿದ್ದದ್ದು ಒಂದೇ ಮಾತು. ಅದನ್ನು ಮೂರು ಕಾರಣಗಳಾಗಿ ಸೀಳಿದ್ದರೆ ಅದು ಸಾಯುತ್ತಿತ್ತು. ಅವಳು ಎಂಟು ಪ್ಯಾರಾ ಬರೆದಳು, ಒಂದು ಬರೀ ಎರಡು ವಾಕ್ಯದ್ದು. ಶಿಕ್ಷಕಿ ತಡೆಯಲಿಲ್ಲ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪ್ರಬಂಧದ ಒಂದು ಭಾಗವನ್ನು ತರಗತಿಯಲ್ಲೇ ಕುಳಿತು ಕೈಯಲ್ಲಿ ಬರೆಸುವ ಶಿಕ್ಷಕರು ಹೆಚ್ಚಾಗಿದ್ದಾರೆ. ಮಗಳ ಕರಡುಗಳೂ ಹಾಗೇ ಸಿದ್ಧವಾದವು: ಮೊದಲನೆಯದು ಮನೆಯಲ್ಲಿ ಕಂಪ್ಯೂಟರಿನಲ್ಲಿ, ಎರಡನೆಯದು ಶಾಲೆಯಲ್ಲಿ ನೀಲಿ ಪೆನ್ನಿನಲ್ಲಿ, ಪುಸ್ತಕ ಮತ್ತು ಅಂಟುಚೀಟಿಗಳನ್ನು ಮಾತ್ರ ಎದುರಿಗಿಟ್ಟುಕೊಂಡು. ಯಂತ್ರದಿಂದ ಪ್ರಬಂಧ ಬರೆಸಿಕೊಳ್ಳುವ ಮಕ್ಕಳನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಗೈಡಿನ ಎರಡು ಸಾಲನ್ನು ಉರು ಹೊಡೆದು ಬರೆದವಳು ನಾನು. ಆಗ ನಾನು ಕಳೆದುಕೊಂಡದ್ದು ಏನು ಎಂಬುದು ಈಗ ಗೊತ್ತಿರುವುದರಿಂದ ಆ ಮಕ್ಕಳಿಗಾಗಿ ಸಂಕಟವಾಗುತ್ತದೆ, ಅಷ್ಟೆ. ಪದವೊಂದರ ಮುಂದೆ ಎರಡು ಸಂಜೆ ಸುಮ್ಮನೆ ಕುಳಿತು ಮೂರನೆಯ ಸಂಜೆ ಅದು ಬಾಯಿಬಿಟ್ಟಾಗ ಆಗುವ ಸಂತೋಷ ನನಗೆ ದೇವಸ್ಥಾನದ ಅಂಗಳದಲ್ಲಿ ಸಿಕ್ಕಿತು, ಶಾಲೆಯಲ್ಲಿ ಸಿಗಲಿಲ್ಲ.

ಮನಸ್ಸಿನಲ್ಲಿ ಕೊರೆಯುವ ಇನ್ನೊಂದು ಸಂಗತಿಯಿದೆ. ಅದೇ ಶಾಲೆಯ ಸಾಧಾರಣ ತರಗತಿಯಲ್ಲಿರುವ ನಮ್ಮ ನೆರೆಮನೆಯ ಹುಡುಗನಿಗೆ ಡಗ್ಲಸ್ ಸಿಕ್ಕಿದ್ದು ಎರಡು ಪುಟಗಳ ಆಯ್ದ ಭಾಗವಾಗಿ, ಕೆಳಗೆ ಐದು ಬಹು ಆಯ್ಕೆಯ ಪ್ರಶ್ನೆಗಳೊಂದಿಗೆ. ಪುಸ್ತಕದ ಮುಂದೆ ಐದು ವಾರ ಕೂರುವ ಅವಕಾಶ ಅವನಿಗೆ ಏಕಿಲ್ಲ? ಅವನು ಅದಕ್ಕೆ ಸಾಲದವನೆಂದು ಯಾರು, ಯಾವಾಗ ನಿರ್ಧರಿಸಿದರು? ಕೆಲವು ಶಾಲೆಗಳು ಈ ಮೆಟ್ಟಿಲುಗಳನ್ನು ತೆಗೆದು ಎಲ್ಲರಿಗೂ ಆನರ್ಸ್ ಪಾಠವನ್ನೇ ಮಾಡಲು ತೊಡಗಿವೆ. ಅದರಿಂದ ಮಟ್ಟ ಇಳಿಯುತ್ತದೆ ಎಂದು ಜಗಳವಾಡುವ ತಂದೆತಾಯಿಗಳಲ್ಲಿ ನಮ್ಮವರೂ ಇದ್ದಾರೆ. ಆ ವಾದ ಕೇಳಿದಾಗಲೆಲ್ಲ ನನಗೆ ಹ್ಯೂ ಆಲ್ಡ್ ಹೆಂಡತಿಯ ಪಾಠವನ್ನು ನಿಲ್ಲಿಸಿದ ದೃಶ್ಯವೇ ಕಣ್ಣಿಗೆ ಬರುತ್ತದೆ. ಹೋಲಿಕೆ ಕಠಿಣವಾಯಿತೆಂದು ಕೆಲವರಿಗೆ ಅನ್ನಿಸಬಹುದು. ಆದರೂ ಹಿಂತೆಗೆದುಕೊಳ್ಳುವುದಿಲ್ಲ.

ಪ್ರಬಂಧ ಒಪ್ಪಿಸಿದ ಮರುದಿನ ಶಿವಮೊಗ್ಗಕ್ಕೆ ವೀಡಿಯೊ ಕರೆ ಮಾಡಿದಾಗ ನನ್ನ ತಾಯಿ, ಅಷ್ಟು ದಿನ ಅದೇನು ಬರೆದೆಯೇ ಪುಟ್ಟಿ, ನನಗೂ ಹೇಳು ಎಂದರು. ಮಗಳ ಕನ್ನಡ ಮನೆಮಾತಿನ ಕನ್ನಡ. ಇಂಥದ್ದನ್ನು ಹೇಳಲು ಅವಳಿಗೆ ಪದಗಳು ಸಾಲವು. ಹತ್ತನೆಯ ಅಧ್ಯಾಯದ ಹೆಸರುವಾಸಿ ವಾಕ್ಯವನ್ನು ಮೊದಲು ಅಜ್ಜಿಗೆ ಹೇಳಬೇಕೆಂದು ಅವಳ ಆಸೆ. ನಾನು ಅನುವಾದಿಸಿದೆ: ಮನುಷ್ಯನೊಬ್ಬ ಹೇಗೆ ಗುಲಾಮನಾದ ಎಂಬುದನ್ನು ಕಂಡಿರಿ, ಗುಲಾಮನೊಬ್ಬ ಹೇಗೆ ಮನುಷ್ಯನಾದ ಎಂಬುದನ್ನು ಇನ್ನು ಕಾಣುವಿರಿ. ಮಗಳು ತಕ್ಷಣ ತಡೆದಳು. ‘ಆದ’ ಅಂದರೆ ಅವನೇ ಆದ ಹಾಗೆ ಕೇಳಿಸುತ್ತೆ, ಅಮ್ಮ. ಅವನನ್ನು ಯಾರೋ ಮಾಡಿದ್ದು. ಇಂಗ್ಲಿಷಿನಲ್ಲಿ ಎರಡು ಕಡೆಯೂ ಮಾಡಲಾಯಿತು ಎಂಬರ್ಥದ ಕ್ರಿಯಾಪದವೇ ಇದೆ, ಮಾಡಿದವರು ಯಾರೆಂದು ಎರಡು ಕಡೆಯೂ ಹೇಳಿಲ್ಲ. ‘ಮಾಡಲ್ಪಟ್ಟ’ ಎಂದರೆ ಕನ್ನಡವೇ ಅಲ್ಲ ಎನ್ನಿಸುತ್ತದೆ. ‘ಮಾಡಿದರು’ ಎಂದರೆ ಎರಡನೆಯ ಭಾಗಕ್ಕೆ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಅವನನ್ನು ಮನುಷ್ಯನನ್ನಾಗಿ ಮಾಡಿದವರು ಬೇರೆ ಯಾರೂ ಅಲ್ಲ. ನಾವಿಬ್ಬರೂ ವಾದಿಸುತ್ತಿದ್ದೆವು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ, ಎಪ್ಪತ್ತು ವರ್ಷ ಗಮಕ ಕೇಳಿದ ನನ್ನ ತಾಯಿ ತುಸು ಹೊತ್ತು ಕೇಳಿಸಿಕೊಂಡು, ಇದರಲ್ಲೇನಿದೆ, ಮೊದಲಿನದು ಮಾಡಿದ್ದು, ಎರಡನೆಯದು ಆದದ್ದು ಎಂದರು.

ಮಗಳು ಅದನ್ನು ಬಾಯಲ್ಲೇ ಎರಡು ಸಲ ಹೇಳಿಕೊಂಡಳು. ಆಮೇಲೆ ಬ್ರೆಡ್ಡಿನ ಕಥೆ, ಬೀದಿಯ ಹುಡುಗರ ಕಥೆ, ಬರೆಯದೆ ಬಿಟ್ಟ ಹೆಸರುಗಳ ಕಥೆ ಹೇಳಿದಳು. ಬ್ರೆಡ್ಡು ಎಂಬಲ್ಲಿ ರೊಟ್ಟಿ ಎಂದಳು. ಅಜ್ಜಿ ಪೂರ್ತಿ ಕೇಳಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, ಆ ರೊಟ್ಟಿ ತಿಂದ ಹುಡುಗರು ದೊಡ್ಡವರಾದ ಮೇಲೆ ಈ ಪುಸ್ತಕ ಓದಿದರೇನೇ, ಅದು ತಾವೇ ಎಂದು ಅವರಿಗೆ ಗೊತ್ತಾಯಿತೇ ಎಂದು ಕೇಳಿದರು. ಮಗಳಿಗೆ ಉತ್ತರ ತಿಳಿದಿರಲಿಲ್ಲ. ಎದ್ದು ಹೋಗಿ ಚೀಲದಿಂದ ಪುಸ್ತಕ ತಂದು, ಏಳನೆಯ ಅಧ್ಯಾಯ ತೆರೆದು, ಫಿಲ್ಪಾಟ್ ಬೀದಿಯ ಸಾಲಿನ ಪಕ್ಕದ ಅಂಚಿನಲ್ಲಿ ಅಜ್ಜಿಯ ಪ್ರಶ್ನೆಯನ್ನು ಪೆನ್ಸಿಲಿನಿಂದ ಬರೆದುಕೊಂಡಳು.